ಪತ್ರಿಕೆಯ ಗುರು ತಾತಯ್ಯ

ತುಮಕೂರು, ಗುಬ್ಬಿ, ಕುಣಿಗಲು ಮೊದಲಾದ ಊರುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲವದು. ಅಕ್ಷರ ಬಲ್ಲವರೇ ವಿರಳ; ಅವರಲ್ಲಿ ವೃತ್ತಪತ್ರಿಕೆಯನ್ನು ಓದುವವರು ಇನ್ನೂ ವಿರಳ. ಅಂತಹ ದಿನಗಳಲ್ಲಿ ವಿದ್ಯಾದಾನವನ್ನೂ ಪತ್ರಿಕಾವೃತ್ತಿಯನ್ನೂ ಒಂದೇ ವ್ರತವೆಂದು ಭಾವಿಸಿ ಬಾಳಿದವರು ಎಂ. ವೆಂಕಟಕೃಷ್ಣಯ್ಯನವರು. ಜನರು ಅವರನ್ನು ಪ್ರೀತಿಯಿಂದ 'ತಾತಯ್ಯ' ಎಂದು ಕರೆದರು.

1844ರಲ್ಲಿ ಜನಿಸಿದ ತಾತಯ್ಯನವರು ಮೈಸೂರಿನ ಮರಿಮಲ್ಲಪ್ಪ ಶಾಲೆಯಲ್ಲಿ ದೀರ್ಘಕಾಲ ಮುಖ್ಯೋಪಾಧ್ಯಾಯರಾಗಿದ್ದರು. ಅವರ ಕಾರ್ಯ ಶಾಲೆಯ ಗೋಡೆಗಳೊಳಗೆ ಮುಗಿಯಲಿಲ್ಲ. ದಿಕ್ಕಿಲ್ಲದ ಮಕ್ಕಳಿಗಾಗಿ ಅನಾಥಾಲಯವನ್ನು ಸ್ಥಾಪಿಸಿದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಸಮಾಜವು ಹಿಂಜರಿಯುತ್ತಿದ್ದಾಗ ಸ್ತ್ರೀವಿದ್ಯಾಭ್ಯಾಸವನ್ನು ಬೆಂಬಲಿಸಿದರು. ವಿದ್ಯಾರ್ಥಿಗಳ ಹಿತಕ್ಕಾಗಿ 'ವಿದ್ಯಾರ್ಥಿ ಕರಭೂಷಣ'ವೆಂಬ ಗ್ರಂಥವನ್ನು ರಚಿಸಿದರು.

ಶಾಲೆಯ ಮೆಟ್ಟಿಲು ಹತ್ತಲಾರದ ಜನರಿಗೆ ಪತ್ರಿಕೆಯೇ ಪಾಠಶಾಲೆಯಾಗಬೇಕೆಂಬುದು ಅವರ ಬಾಳಿನ ನಡೆಯಿಂದಲೇ ವ್ಯಕ್ತವಾಗುತ್ತದೆ. 'ವೃತ್ತಾಂತ ಚಿಂತಾಮಣಿ', 'ಸಾಧ್ವಿ' ಮುಂತಾದ ಕನ್ನಡ ಪತ್ರಿಕೆಗಳನ್ನೂ, 'ಮೈಸೂರ್ ಪೇಟ್ರಿಯಟ್' ಎಂಬ ಇಂಗ್ಲಿಷ್ ಪತ್ರಿಕೆಯನ್ನೂ ಅವರು ನಡೆಸಿದರು. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಗೆ ಸಂಸ್ಥಾನದ ಎಲ್ಲ ಜಿಲ್ಲೆಗಳ ಪ್ರತಿನಿಧಿಗಳೂ ಬರುತ್ತಿದ್ದರು. ಅಲ್ಲಿಯೂ ತಾತಯ್ಯನವರು ಪ್ರಜೆಗಳ ಪರವಾಗಿ ದನಿಯೆತ್ತಿದರು.

1908ರಲ್ಲಿ ಕಠಿಣ ಪರೀಕ್ಷೆಯೊಂದು ಎದುರಾಯಿತು. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಸಂಸ್ಥಾನವು ಪತ್ರಿಕಾ ನಿಯಂತ್ರಣ ಕಾಯಿದೆಯನ್ನು ಜಾರಿಗೆ ತಂದಿತು. ಪತ್ರಿಕೆಗಳ ಟೀಕೆ ಮಿತಿಮೀರಿದೆಯೆಂಬುದು ಸರ್ಕಾರದ ವಾದ. ಇನ್ನು ಮುಂದೆ ಪತ್ರಿಕೆಯ ಅಳಿವು ಉಳಿವು ಸರ್ಕಾರದ ಅಪ್ಪಣೆಯನ್ನೇ ಅವಲಂಬಿಸಬೇಕಾಯಿತು. ಅಧಿಕಾರಿಗಳ ಮನಸ್ಸನ್ನು ಅರಿತು ಬರೆದಿದ್ದರೆ ಪತ್ರಿಕೆ ಉಳಿಯುತ್ತಿತ್ತು. ಆದರೆ ಓದುಗರ ನಂಬಿಕೆ ಉಳಿಯುತ್ತಿರಲಿಲ್ಲ. ತಾತಯ್ಯನವರು ಪ್ರತಿಭಟನೆಯಾಗಿ 'ವೃತ್ತಾಂತ ಚಿಂತಾಮಣಿ'ಯನ್ನು ನಿಲ್ಲಿಸಿದರು. ತಾವೇ ಬೆಳೆಸಿದ ಪತ್ರಿಕೆಯನ್ನು ತಾವೇ ನಿಲ್ಲಿಸುವುದು ಸುಲಭದ ಮಾತಲ್ಲ.

ಹಾಗೆಂದು ಅವರು ಸಾರ್ವಜನಿಕ ಸೇವೆಯಿಂದ ದೂರ ಸರಿಯಲಿಲ್ಲ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ 'ದಯಾಸಾಗರ' ಎಂಬ ಬಿರುದನ್ನಿತ್ತು ಗೌರವಿಸಿದರು. ಆಡಳಿತದ ತಪ್ಪನ್ನು ಎತ್ತಿ ತೋರಿಸಿದವರನ್ನೇ ಅರಸರು ಮನ್ನಿಸಿದುದು ಗಮನಾರ್ಹವಾದುದು. 1933ರಲ್ಲಿ ತಾತಯ್ಯನವರು ತಮ್ಮ 89ನೆಯ ವಯಸ್ಸಿನಲ್ಲಿ ನಿಧನರಾದರು. 'ಸಾಧ್ವಿ'ಯನ್ನು ಮುಂದೆ ಅಗರಂ ರಂಗಯ್ಯನವರು ನಡೆಸಿದರು.

ಗುರುವು ಶಿಷ್ಯನಿಗೆ ಸುಳ್ಳು ಹೇಳಬಾರದು. ಪತ್ರಕರ್ತನು ಓದುಗನಿಗೆ ಸುಳ್ಳು ಹೇಳಬಾರದು. ಈ ಎರಡು ಧರ್ಮಗಳೂ ಒಂದೇ ಎಂಬುದನ್ನು ತಾತಯ್ಯನವರು ನಡೆದು ತೋರಿಸಿದರು.

ಅಭ್ಯಾಸ

ಪದಗಳ ಅರ್ಥ: ವಿರಳ – ಅಪರೂಪ, ವೃತ್ತಾಂತ – ಸುದ್ದಿ, ಕರಭೂಷಣ – ಕೈಯ ಆಭರಣ, ಮನ್ನಿಸು – ಗೌರವಿಸು.

1. ತಾತಯ್ಯನವರು ಶಾಲೆಯ ಹೊರಗೆ ಮಾಡಿದ ಸೇವೆಗಳಾವುವು?
2. 'ವೃತ್ತಾಂತ ಚಿಂತಾಮಣಿ'ಯನ್ನು ಅವರು ನಿಲ್ಲಿಸಲು ಕಾರಣವೇನು? ಅವರ ನಿರ್ಧಾರ ಸರಿಯೆನ್ನುವಿರಾ? ಚರ್ಚಿಸಿರಿ.