ಕೋಲಾರದಲ್ಲಿ ವೆಬ್‌ಸೈಟ್ ಕಂಪನಿ ತೆರೆದ ತಂಗಿಗೆ



ಬೆಂಗಳೂರಿನ ಕೆಲಸ ಬಿಟ್ಟು ಬಂದು ಕೋಲಾರದಲ್ಲೇ ವೆಬ್‌ಸೈಟ್ ಮಾಡಿಕೊಡುವ ಕಂಪನಿ ತೆರೆದೆಯಂತೆ. ಸಂತೋಷ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲೂ ಗಿರಾಕಿಗಳನ್ನು ಹುಡುಕಬೇಕು, ಎಷ್ಟು ರೇಟು ಹೇಳಲಿ ಅಂತ ಕೇಳಿದ್ದೀಯ. ರೇಟಿನ ಮಾತು ಆಮೇಲಾಯಿತು. ವೆಬ್‌ಸೈಟ್ ಯಾರಿಗೆ ಬೇಡ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಟೊಮೆಟೊ ಮಂಡಿಯವರಿಗೆ ಬೇಡ. ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸಿನ ರೇಟು ಒಂದೇ ಹರಾಜಿನಲ್ಲಿ ಏರಿ ಇಳಿಯುತ್ತದೆ. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿದಾಗ ಆ ಸುದ್ದಿ ಓಡಾಡಿದ್ದು ಫೋನಿನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ. ವೆಬ್‌ಸೈಟ್ ತೆರೆದು ನೋಡಿದವರು ಯಾರೂ ಇರಲಾರರು. ಹೊರರಾಜ್ಯದಿಂದ ಲಾರಿ ಕಳಿಸುವ ವ್ಯಾಪಾರಿಯ ಹತ್ತಿರ ಮಂಡಿ ಯಜಮಾನರ ನಂಬರು ಮೊದಲೇ ಇರುತ್ತದೆ. ತಿರುಪತಿ ದಾರಿಯಲ್ಲಿ ಮುಳಬಾಗಿಲು ದೋಸೆ ಹಾಕುವ ಹೋಟೆಲಿನವರಿಗೂ ಅಷ್ಟೆ: ಗೂಗಲ್ ಮ್ಯಾಪಿನಲ್ಲಿ ಸರಿಯಾದ ಜಾಗ, ಬಾಗಿಲು ತೆರೆಯುವ ಹೊತ್ತು, ನಾಲ್ಕು ಒಳ್ಳೆ ಫೋಟೊ ಇದ್ದರೆ ಸಾಕು. ಗೂಗಲ್ ಅದಕ್ಕೆ ಕಾಸು ಕೇಳುವುದಿಲ್ಲ. ನೀನು ಕೂತು ಮಾಡಿಕೊಟ್ಟ ಹೊತ್ತಿಗೆ ಕೂಲಿ ತೆಗೆದುಕೊ, ಬೇಡದ ವೆಬ್‌ಸೈಟನ್ನು ತಲೆಗೆ ಕಟ್ಟಬೇಡ. ನಮ್ಮ ಜಿಲ್ಲೆಯಲ್ಲಿ ಒಬ್ಬರಿಗೊಬ್ಬರು ಹೇಗೋ ನೆಂಟರೇ. ಒಂದು ಕಡೆ ಟೋಪಿ ಹಾಕಿದರೆ ಎಲ್ಲ ತಾಲ್ಲೂಕಿಗೂ ಗೊತ್ತಾಗುತ್ತದೆ.

ನಿಜವಾಗಿ ಬೇಕಾದವರು ಮಾಲೂರಿನಲ್ಲಿದ್ದಾರೆ. ಹೆಂಚು, ಇಟ್ಟಿಗೆಯವರಿದ್ದಾರೆ, ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳಿವೆ. ಹತ್ತಿರದ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. ಆಮೇಲೆ ವಿಸ್ಟ್ರಾನ್ ಬಂತು, 2023ರಲ್ಲಿ ಆ ಐಫೋನ್ ಕಾರ್ಖಾನೆ ಟಾಟಾದವರ ಕೈಗೆ ಹೋಯಿತು. ಇಂಥ ದೊಡ್ಡವರಿಗೆ ಮಾಲು ಕೊಡಬೇಕೆಂದರೆ ಅವರ ಖರೀದಿ ವಿಭಾಗದವರು ಮೊದಲು ಮಾಡುವ ಕೆಲಸ, ಸಣ್ಣ ಕಾರ್ಖಾನೆಯ ಹೆಸರು ಹಾಕಿ ಹುಡುಕುವುದು. ಅವರಿಗೆ ತೇಲಾಡುವ ಚಿತ್ರ, ಓಡುವ ಅಕ್ಷರ ಬೇಡ. ಯಾವ ಮಿಷಿನ್ ಎಷ್ಟಿದೆ, ಎಷ್ಟು ಅಳತೆಯವರೆಗಿನ ಕೆಲಸ ಮಾಡಬಲ್ಲದು, ಐಎಸ್‌ಒ ಪ್ರಮಾಣಪತ್ರ ಇದೆಯೋ, ಜಿಎಸ್‌ಟಿ ನಂಬರು ಯಾವುದು, ಶೆಡ್ಡಿನ ಒಳಗಿನ ನಿಜವಾದ ಫೋಟೊ, ಇವು ಬೇಕು. ಇಂಟರ್‌ನೆಟ್ಟಿನಿಂದ ಎತ್ತಿದ ಯಾವುದೋ ಜರ್ಮನಿಯ ಕಾರ್ಖಾನೆಯ ಫೋಟೊ ಹಾಕಿದರೆ ಆಡಿಟ್‌ಗೆ ಬಂದ ದಿನ ಮಾನ ಹೋಗುತ್ತದೆ. ನೀನೇ ಹೋಗು, ಒಂದು ದಿನ ಶೆಡ್ಡಿನಲ್ಲಿ ನಿಂತುಕೊ, ಫೋರ್‌ಮನ್ ಹತ್ತಿರ ಮಾತಾಡು. ಯಜಮಾನರಿಗಿಂತ ಅವರಿಗೇ ಹೆಚ್ಚು ಗೊತ್ತಿರುತ್ತದೆ.

ಶ್ರೀನಿವಾಸಪುರದ ಮಾವಿನ ತೋಟದವರದು ಬೇರೆ ಲೆಕ್ಕ. ಬಾದಾಮಿ, ರಸಪುರಿ, ಮಲ್ಲಿಕಾ ಹಣ್ಣನ್ನು ನೇರವಾಗಿ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಕಳಿಸಬೇಕು ಅನ್ನುವ ಹುಡುಗರು ಈಗ ತುಂಬ. ಅವರ ವರ್ಷದ ವ್ಯಾಪಾರವೆಲ್ಲ ಬೇಸಿಗೆಯ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಮಾರ್ಚಿಗೆ ಸೈಟು ಸಿದ್ಧವಿರಬೇಕು. ಮೇ ತಿಂಗಳಲ್ಲಿ ಕೆಟ್ಟರೆ ಜುಲೈನಲ್ಲಿ ಸರಿಮಾಡಿ ಏನು ಪ್ರಯೋಜನ? ಇನ್ನೊಂದು ಮಾತು. ಮಾವು ಹಣ್ಣು ಮಾಡಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ. ಹಾಗಂತ ‘ಕಾರ್ಬೈಡ್ ಇಲ್ಲ, ಪೂರ್ತಿ ಸಾವಯವ’ ಅಂತ ನೀನೇ ಬರೆದುಬಿಡಬೇಡ. ಹಣ್ಣು ಹೇಗೆ ಮಾಗಿಸುತ್ತೀರಿ ಅಂತ ಕೇಳು, ಸಾವಯವ ಅಂದರೆ ಪ್ರಮಾಣಪತ್ರ ತೋರಿಸಿ ಅನ್ನು. ಗಿರಾಕಿಯ ಪರವಾಗಿ ಸುಳ್ಳು ಬರೆಯುವುದು ನಮ್ಮ ಕಸುಬಲ್ಲ.

ಕೋಲಾರದ ಡಾಕ್ಟರುಗಳೂ ಬರುತ್ತಾರೆ. ‘ಜಿಲ್ಲೆಯ ನಂಬರ್ ಒನ್ ಆಸ್ಪತ್ರೆ’ ಅಂತ ಹಾಕು ಅನ್ನುತ್ತಾರೆ. ವೈದ್ಯರು ಜಾಹೀರಾತು ಕೊಟ್ಟು ರೋಗಿಗಳನ್ನು ಕರೆಯಬಾರದು ಅಂತ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮದಲ್ಲೇ ಇದೆ ಎಂದು ವಿನಯದಿಂದ ಹೇಳು. ಹೆಸರು, ಓದು, ನೋಂದಣಿ ಸಂಖ್ಯೆ, ಸಿಗುವ ಹೊತ್ತು ಇದ್ದರೆ ಸಾಕು. ಶಾಲೆಗಳೂ ಇವೆ. ಸಿಬಿಎಸ್‌ಇ ಶಾಲೆಗಳು ತಮ್ಮ ವಿವರಗಳನ್ನು ವೆಬ್‌ಸೈಟಿನಲ್ಲಿ ಕಡ್ಡಾಯವಾಗಿ ಪ್ರಕಟಿಸಬೇಕು. ಅದು ನಿನಗೆ ವರ್ಷವರ್ಷ ಬರುವ ಕೆಲಸ, ಬಿಡಬೇಡ.

ಇನ್ನು ನಾನು ಈ ಪತ್ರ ಬರೆಯಲು ಕೂತ ವಿಷಯ. ಡೊಮೇನ್ ಯಾರ ಹೆಸರಿನಲ್ಲಿ ಕೊಳ್ಳುತ್ತೀಯ?

ಪ್ರೆಸ್ಸಿನ ಕೆಲಸದಿಂದ ವೆಬ್‌ಸೈಟ್ ಕೆಲಸಕ್ಕೆ ಬಂದವನು ನಾನು. ಈ ಊರುಗಳಲ್ಲಿ ಕಂಡದ್ದು ಹೇಳುತ್ತೇನೆ. ಹೆಚ್ಚಿನ ಡಿಸೈನರುಗಳು ಗಿರಾಕಿಯ ಡೊಮೇನನ್ನು ತಮ್ಮ ಇಮೇಲಿನಲ್ಲಿ, ತಮ್ಮ ಖಾತೆಯಲ್ಲಿ ಕೊಂಡಿರುತ್ತಾರೆ. ಕೆಲವರು ಸೋಮಾರಿತನಕ್ಕೆ, ಕೆಲವರು ಬೇಕೆಂದೇ: ಗಿರಾಕಿ ಕೈಬಿಟ್ಟು ಹೋಗದಿರಲಿ ಅಂತ. ಮಾಲೂರಿನ ಕಾರ್ಖಾನೆಯ ಯಜಮಾನರೊಬ್ಬರು ಹಾಗೆ ಸಿಕ್ಕಿಕೊಂಡಿದ್ದರು. ಮಾಡಿಕೊಟ್ಟ ಹುಡುಗ ವಿದೇಶಕ್ಕೆ ಹೋದ, ನವೀಕರಣದ ನೋಟಿಸು ಅವನ ಹಳೇ ಇಮೇಲಿಗೆ ಬಂದು ಬಿದ್ದಿತ್ತು. ಲಾರಿಯ ಮೇಲೆ, ಬಿಲ್ ಬುಕ್ಕಿನ ಮೇಲೆ, ಗೇಟಿನ ಬೋರ್ಡಿನ ಮೇಲೆ ಬರೆಸಿದ್ದ ವಿಳಾಸ ಒಂದು ದಿನ ಸತ್ತುಹೋಯಿತು. ಕಾರ್ಖಾನೆಯ ಇಮೇಲೂ ಅದರ ಜೊತೆಗೇ ನಿಂತಿತು. .ಕಾಮ್ ವಿಳಾಸದ ಅವಧಿ ಮುಗಿದು ರದ್ದಾದರೂ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ, ಆಮೇಲೆ 5 ದಿನ ಯಾರ ಕೈಗೂ ಸಿಗದೆ ಇದ್ದು ಮೊದಲು ಕೇಳಿದವರ ಪಾಲಾಗುತ್ತದೆ. ಯಜಮಾನರಿಗೆ ಇದು ತಿಳಿಯುವ ಹೊತ್ತಿಗೆ ಎಲ್ಲ ಗಡುವೂ ಮುಗಿದಿತ್ತು.

ಅಂಗಡಿ ಕಟ್ಟಿದ ಮೇಸ್ತ್ರಿಯ ಹೆಸರಿಗೆ ಯಾರಾದರೂ ಜಾಗದ ಖಾತೆ ಮಾಡಿಸುತ್ತಾರೆಯೇ? ಡೊಮೇನ್ ಕೊಳ್ಳುವಾಗ ಗಿರಾಕಿಯ ಇಮೇಲು, ಗಿರಾಕಿಯ ಫೋನು, ಗಿರಾಕಿಯ ಕಾರ್ಡು, ಅವರ ಹೆಸರಿನ ಬಿಲ್ಲು. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದುಕೊಟ್ಟು ಬೀರುವಿನಲ್ಲಿಡಿಸು. ಇಮೇಲ್ ಇಲ್ಲ ಅಂದರೆ ಕೂತು ಮಾಡಿಕೊಡು, ಮಗನದೋ ಅಕೌಂಟೆಂಟರದೋ ಬೇಡ, ಯಜಮಾನರದೇ. ನಿನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುವುದು ಅವರಿಗೆ ಸಲೀಸಾಗಿರಬೇಕು. ಹಾಗಿದ್ದೂ ನಿನ್ನ ಹತ್ತಿರವೇ ಉಳಿದರೆ ಅದು ನಿನ್ನ ಕೆಲಸಕ್ಕೆ ಸಿಕ್ಕ ಬೆಲೆ. ಕಟ್ಟಿಹಾಕಿ ಉಳಿಸಿಕೊಂಡವನು ಗಿರಾಕಿಯಲ್ಲ, ಒತ್ತೆಯಾಳು.

ಭಾಷೆ. ನಮ್ಮ ಕಡೆ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಎರಡೂ, ಓದುವುದು ಕನ್ನಡ. ಕನ್ನಡ ಪುಟ ಇಂಗ್ಲಿಷಿನ ಬಾಲವಾಗದಿರಲಿ. ಗಿರಾಕಿಗಳು ಹಳೆಯ ಕರಪತ್ರದ ನುಡಿ ತಂತ್ರಾಂಶದ ಫೈಲನ್ನು ಕೊಡುತ್ತಾರೆ. ಅದನ್ನು ಹಾಗೇ ಅಂಟಿಸಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡಿಗೆ ಬದಲಾಯಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತು ಕೈಕೊಡುತ್ತವೆ, ಪದಪದವೂ ನೋಡು. ಕನ್ನಡ ಲಿಪಿಯಲ್ಲೇ .ಭಾರತ ವಿಳಾಸ ಸಿಗುತ್ತದೆ. ಅಭಿಮಾನಕ್ಕೆ ಜೊತೆಯಲ್ಲಿರಲಿ, ಅದೊಂದನ್ನೇ ನೆಚ್ಚಬೇಡ. ಅಂಥ ಇಮೇಲನ್ನು ಎಷ್ಟೋ ಆನ್‌ಲೈನ್ ಅರ್ಜಿಗಳು ಇನ್ನೂ ಒಪ್ಪುವುದಿಲ್ಲ.

ಈಗ ದುಡ್ಡು. ರೇಟು ನಿನ್ನಿಷ್ಟ, ಆದರೆ ಅರ್ಧ ಮುಂಗಡ ಇಲ್ಲದೆ ಕಂಪ್ಯೂಟರ್ ಆನ್ ಮಾಡಬೇಡ. ಮಾಡುವ ಪುಟಗಳೆಷ್ಟು, ತಿದ್ದುವುದು ಎಷ್ಟು ಸಲ, ವರ್ಷದ ನಿರ್ವಹಣೆಗೆ ಎಷ್ಟು, ಎಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸು. ‘ನಮ್ಮ ಹುಡುಗಿ ಅಲ್ವಾ’ ಅನ್ನುವವರ ಹತ್ತಿರ ಎರಡು ಸಹಿ ಹಾಕಿಸು! ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ಕಡ್ಡಾಯವಲ್ಲ. ಆದರೂ ಕಾರ್ಖಾನೆಯವರು ಶೇ. 18ರ ತೆರಿಗೆ ಬಿಲ್ಲನ್ನೇ ಕೇಳಬಹುದು, ಅವರಿಗೆ ಅದು ವಾಪಸು ಸಿಗುತ್ತದೆ. ಸಣ್ಣ ಉದ್ಯಮಗಳಿಗೆಂದೇ ಇರುವ ಉದ್ಯಮ್ ನೋಂದಣಿ ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನಿನ್ನ ಬೆನ್ನಿಗಿದೆ: ಒಪ್ಪಂದ ಬರೆದಿದ್ದರೆ ಹೆಚ್ಚೆಂದರೆ 45 ದಿನ, ಬರೆಯದಿದ್ದರೆ 15 ದಿನದೊಳಗೆ ಗಿರಾಕಿಗಳು ಹಣ ಕೊಡಬೇಕು, ತಡವಾದರೆ ಬಡ್ಡಿ. ಆ ಗಡುವು ಮೀರಿ, ವರ್ಷ ಮುಗಿದರೂ ಬಾಕಿ ಉಳಿಸಿದರೆ ಆ ಖರ್ಚನ್ನು ಅವರು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. 2023ರ ಹಣಕಾಸು ಕಾಯ್ದೆ ತಂದ ತಿದ್ದುಪಡಿ ಅದು. ಜಗಳ ಆಡಬೇಡ, ಅವರ ಆಡಿಟರಿಗೆ ಒಂದು ಫೋನು ಮಾಡು, ಮಾರ್ಚಿನೊಳಗೆ ಹಣ ಬರುತ್ತದೆ.

ಉದ್ಯಮ್ ನೋಂದಣಿಯನ್ನು ಈ ವಾರವೇ ಮಾಡಿಸು. ಆಧಾರ್, ಪ್ಯಾನ್ ಸಾಕು, ಒಂದು ಪೈಸೆಯೂ ಕಟ್ಟಬೇಕಾಗಿಲ್ಲ. ಸರ್ಕಾರದ್ದೇ ಅನ್ನಿಸುವಂತೆ ಕಟ್ಟಿದ ಖಾಸಗಿ ವೆಬ್‌ಸೈಟುಗಳು ಅದಕ್ಕೂ ಶುಲ್ಕ ಕೇಳುತ್ತವೆ, ವಿಳಾಸದ ಕೊನೆಯಲ್ಲಿ .ಗವ್.ಇನ್ ಇದೆಯೇ ನೋಡಿಕೊಂಡು ಒತ್ತು.

ಇಂತಿ ನಿನ್ನ ಹಿತೈಷಿ,
ಕೋಲಾರದ ಅಣ್ಣ