ಪುಕ್ಕಟೆ ಪುಸ್ತಕ, ಪಕ್ಕದಲ್ಲೊಬ್ಬರು

ಬೆಂಗಳೂರಿನ ಬಳೇಪೇಟೆಯಲ್ಲಿ ಅಕ್ಷರಕ್ಕೇನೂ ಬರವಿಲ್ಲ. ತಬಲ, ವೀಣೆ, ಹಾರ್ಮೋನಿಯಂ ಅಂಗಡಿಗಳ ಬೋರ್ಡುಗಳಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಒತ್ತೊತ್ತಾಗಿ ಕೂತಿವೆ. ಸ್ವಲ್ಪ ನಡೆದರೆ ಅವೆನ್ಯೂ ರಸ್ತೆ, ಅಲ್ಲಿ ಹೊಸದು ಹಳೆಯದು ಎನ್ನದೆ ಪಠ್ಯಪುಸ್ತಕಗಳ ರಾಶಿ. ಆದರೆ ಒಂದನೇ ಎರಡನೇ ತರಗತಿಯ ಮಗು ತಾನಾಗಿ ಕೈಗೆತ್ತಿಕೊಂಡು ಓದುವಂಥ ಕನ್ನಡ ಪುಸ್ತಕ ಈ ಓಣಿಗಳ ಮನೆಗಳಲ್ಲಿ ಅಪರೂಪ. ಶಾಲೆಯ ಪಠ್ಯಪುಸ್ತಕ, ಒಂದು ಕಾಪಿ ಬುಕ್ಕು, ಗೋಡೆಯ ಮೇಲೊಂದು ಅಕ್ಷರಮಾಲೆಯ ಚಾರ್ಟು, ಬಹಳ ಮನೆಗಳಲ್ಲಿ ಅಷ್ಟೇ.

ಪ್ರಾಥಮಿಕ ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಸಂಜೆ ಹೊತ್ತು ಓಣಿಯ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಿದ್ದೇನೆ. ದುಡ್ಡು ಕೊಟ್ಟು ತಂದ ಪುಸ್ತಕ ಕಡಿಮೆ. ಹೆಚ್ಚಿನದೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ಸಿಕ್ಕಿದ್ದು. ಇದರಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂಬುದನ್ನು ಚಿಕ್ಕ ಮಕ್ಕಳ ತಂದೆತಾಯಿಗಳಿಗೂ ಈಗಷ್ಟೇ ಕೆಲಸಕ್ಕೆ ಸೇರಿದ ಶಿಕ್ಷಕರಿಗೂ ಹೇಳಬೇಕೆನಿಸಿದೆ.

ಎಲ್ಲಕ್ಕಿಂತ ಹೆಚ್ಚು ಕೈ ಹಿಡಿದದ್ದು ಇದೇ ಊರಿನ ಸಂಸ್ಥೆಯೊಂದರ ಕೆಲಸ. ರೋಹಿಣಿ ನಿಲೇಕಣಿ ಮತ್ತು ಗೆಳೆಯರು 2004ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಪ್ರಥಮ್ ಬುಕ್ಸ್’ ಮಕ್ಕಳ ಪುಸ್ತಕಗಳನ್ನು ಕಡಿಮೆ ಬೆಲೆಗೆ ಹಲವು ಭಾಷೆಗಳಲ್ಲಿ ಅಚ್ಚು ಹಾಕುತ್ತಿತ್ತು. 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನದಂದೇ, ಅದು ‘ಸ್ಟೋರಿವೀವರ್’ ಎಂಬ ಜಾಲತಾಣವನ್ನು ತೆರೆಯಿತು. ಶುರುವಿನಲ್ಲಿ 24 ಭಾಷೆಗಳ 800 ಕಥೆಗಳಿದ್ದವು. ಈಗ ಭಾಷೆಗಳೇ 300 ದಾಟಿವೆ. ಆಫ್ರಿಕನ್ ಸ್ಟೋರಿಬುಕ್, ದಕ್ಷಿಣ ಆಫ್ರಿಕಾದ ಬುಕ್ ಡ್ಯಾಶ್‌ನಂಥ ಸಂಸ್ಥೆಗಳ ಕಥೆಗಳೂ ಅಲ್ಲಿವೆ. ರೋಹಿಣಿಯವರೇ ‘ನೋನಿ’ ಎಂಬ ಹೆಸರಿನಲ್ಲಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆಗಳೆಂದರೆ ಮಕ್ಕಳಿಗೆ ಬಲು ಇಷ್ಟ. ಉದ್ದ ಕೂದಲಿನ ಶ್ರೀನಿವಾಸನಿಗೆ ಕ್ಷೌರ ಮಾಡುವುದಕ್ಕೆ ಊರಿನಲ್ಲಿ ಯಾರಿಗೂ ಪುರುಸೊತ್ತಿಲ್ಲ ಎಂದಾಗ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಇಲ್ಲಿ ಬೆಲೆಯಿಲ್ಲ ಎಂಬುದಕ್ಕಿಂತ ದೊಡ್ಡ ಸಂಗತಿ ಅನುಮತಿ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಕಥೆಗಳನ್ನು ನೋಡಬಹುದು, ನಕಲು ಮಾಡುವಂತಿಲ್ಲ. ಸ್ಟೋರಿವೀವರ್‌ನ ಕಥೆಗಳಿಗೆ ಸಾಮಾನ್ಯವಾಗಿ ‘ಸಿಸಿ ಬೈ 4.0’ ಎಂಬ ಮುಕ್ತ ಪರವಾನಗಿ ಇದೆ. ಬರೆದವರ, ಚಿತ್ರ ಬಿಡಿಸಿದವರ, ಅನುವಾದಿಸಿದವರ ಹೆಸರನ್ನೂ ಪರವಾನಗಿಯನ್ನೂ ಉಳಿಸಿಕೊಂಡು, ಏನಾದರೂ ಬದಲಿಸಿದ್ದರೆ ಅದನ್ನು ತಿಳಿಸಿದರೆ ಸಾಕು. ಇಳಿಸಿಕೊಳ್ಳಬಹುದು, ಮುದ್ರಿಸಿ ಹಂಚಬಹುದು, ಬೇರೆ ಭಾಷೆಗೆ ತರಬಹುದು, ವಾಕ್ಯಗಳನ್ನು ಸರಳ ಮಾಡಬಹುದು. ಫೋನಿನ ಕಥೆ ಮಗುವಿನ ಕೈಗೆ ಕಾಗದವಾಗಿ ಬರುವುದಕ್ಕೆ ಈ ಅನುಮತಿಯೇ ದಾರಿ. ಪೇಟೆಯಲ್ಲಿ ಜೆರಾಕ್ಸ್ ಅಂಗಡಿಗೇನು ಕೊರತೆ? ಪಿಡಿಎಫ್ ಇಳಿಸಿ, ಎರಡೂ ಬದಿ ಕಪ್ಪು ಬಿಳುಪಿನಲ್ಲಿ ತೆಗೆಸಿ, ನಡುವೆ ಮಡಿಸಿ ಪಿನ್ ಹೊಡೆದರೆ ಪುಸ್ತಕ ಸಿದ್ಧ. ಒಂದು ಎಚ್ಚರಿಕೆ ಮಾತ್ರ ಬೇಕು: ರಾತ್ರಿಯ ಆಕಾಶ, ದಟ್ಟ ಕಾಡು ಇರುವ ಪುಟಗಳು ಜೆರಾಕ್ಸಿನಲ್ಲಿ ಮಸಿಯಾಗುತ್ತವೆ, ಮೇಲಿನ ಅಕ್ಷರ ಕಾಣುವುದೇ ಇಲ್ಲ. ಬಿಳಿ ಹಿನ್ನೆಲೆಯ ಚಿತ್ರಗಳಿರುವ ಕಥೆಗಳನ್ನೇ ಆರಿಸಬೇಕು. ಮನೆಗೊಯ್ದು ಬಣ್ಣ ತುಂಬುವ ಸಂತೋಷ ಮಕ್ಕಳಿಗೆ ಬೇರೆ.

ಆರಿಸುವ ಕೆಲಸ ಮಾತ್ರ ಅಷ್ಟು ಸುಲಭವಲ್ಲ. ಸ್ಟೋರಿವೀವರ್ ಕಥೆಗಳನ್ನು ನಾಲ್ಕು ಹಂತಗಳಾಗಿ ಮಾಡಿದೆ. ಒಂದನೇ ಹಂತದಲ್ಲಿ 250 ಪದಗಳ ಒಳಗೆ, ಎರಡನೆಯದರಲ್ಲಿ 600ರವರೆಗೆ, ಮೂರನೆಯದರಲ್ಲಿ 1500ರವರೆಗೆ, ಅದರಾಚೆಗಿನದು ನಾಲ್ಕು. ಕನ್ನಡದಲ್ಲಿ ಪದ ಎಣಿಸಿದರೆ ಕಷ್ಟ ತಿಳಿಯುವುದಿಲ್ಲ. ‘ಪ್ರಯತ್ನಿಸುತ್ತಿದ್ದಾಳೆ’ ಎಂಬುದು ಲೆಕ್ಕಕ್ಕೆ ಒಂದೇ ಪದ. ಅದರ ಏಳು ಅಕ್ಷರಗಳಲ್ಲಿ ನಾಲ್ಕಕ್ಕೆ ಒತ್ತಿದೆ. ಈಗತಾನೇ ಕಾಗುಣಿತ ಕಲಿತ ಮಗುವಿಗೆ ಅದು ಒಂದು ಪುಟದಷ್ಟು ಕೆಲಸ.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ ಕನ್ನಡ ಮಕ್ಕಳ ಓದಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದವರು. 2007ರಲ್ಲಿ ಪ್ರಕಟವಾದ ಅವರ ಸಂಶೋಧನೆ, ಇಂಗ್ಲಿಷಿನ 26 ಅಕ್ಷರ ಕಲಿತಂತೆ ಕನ್ನಡದ ಲಿಪಿ ಬೇಗ ಕೈಗೆ ಬರುವುದಿಲ್ಲ, ಗುಣಿತಾಕ್ಷರ ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳಾಗುವುದರಿಂದ ಈ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಿರುತ್ತದೆ ಎಂದು ತೋರಿಸಿತು. ಒಂದನೇ ತರಗತಿಯ ಮಗು ಪಟಪಟನೆ ಓದುತ್ತಿಲ್ಲ ಎಂದು ಗಾಬರಿಯಾಗುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕು. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಮೂರನೇ ತರಗತಿ ಮುಗಿಯುವುದರೊಳಗೆ ಮಗು ಅರ್ಥ ಮಾಡಿಕೊಂಡು ಓದಬೇಕೆಂಬ ಗುರಿ ಇಟ್ಟಿದೆ. ಒಳ್ಳೆಯ ಗುರಿಯೇ. ಆದರೆ ಕನ್ನಡದ ಮಗುವಿಗೆ ಲಿಪಿ ಕೇಳುವಷ್ಟು ಕಾಲವನ್ನೂ ಕೊಡಬೇಕು.

ನಮ್ಮ ರಾಜ್ಯದ ‘ನಲಿ ಕಲಿ’ ಇದನ್ನು ಮೊದಲೇ ಗುರುತಿಸಿತ್ತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿಯ ಪ್ರಯೋಗ ನೋಡಿಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಶುರುಮಾಡಿದ ಪದ್ಧತಿ ಅದು. ಅಲ್ಲಿ ಅಕ್ಷರಮಾಲೆಯ ಕ್ರಮ ಇಲ್ಲ. ಮೊದಲಿಗೆ ‘ರ ಗ ಸ ದ ಅ’. ಈ ಐದು ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಮಗುವಿನ ಬಾಯಲ್ಲಿ. ಓದು ಬಂತು ಎಂಬ ಹೆಮ್ಮೆ ಮೊದಲ ವಾರಗಳಲ್ಲೇ ಹುಟ್ಟಿಬಿಡುತ್ತದೆ. ಒತ್ತಕ್ಷರದ ಸರದಿ ಬಹಳ ತಡವಾಗಿ ಬರುತ್ತದೆ. ಆದರೆ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಹಕ್ಕಿ, ಬೆಕ್ಕು, ಮಗುವಿಗೆ ಬಹಳ ಹತ್ತಿರದ ಈ ಮಾತುಗಳಲ್ಲೆಲ್ಲ ಒತ್ತಕ್ಷರ! ಆದ್ದರಿಂದ ಕಥೆ ಆರಿಸುವಾಗ ನಾನು ಹಂತದ ಸಂಖ್ಯೆಯನ್ನು ಹೆಚ್ಚು ನೆಚ್ಚುವುದಿಲ್ಲ. ಪುಟ ತಿರುಗಿಸಿ ಒತ್ತಕ್ಷರ ನೋಡುತ್ತೇನೆ. ಅಮ್ಮ, ಬೆಕ್ಕುಗಳಂಥ ಸಜಾತೀಯ ಒತ್ತುಗಳಿದ್ದರೆ ಮೊದಲಿಗೆ ಆಗುತ್ತದೆ. ಸೂರ್ಯ, ಪುಸ್ತಕಗಳಂಥ ವಿಜಾತೀಯ ಒತ್ತುಗಳು ಆಮೇಲೆ. ಉಳಿದ ಕಥೆಗಳನ್ನು ದೊಡ್ಡವರು ಓದಿ ಹೇಳುವುದಕ್ಕೆ ಇಟ್ಟುಕೊಳ್ಳಬೇಕು. ಅವೂ ಬೇಕು. ಕಿವಿಗೆ ಬೀಳದ ಮಾತನ್ನು ಕಣ್ಣು ಓದಿದರೂ ಮಗುವಿಗೆ ಅರ್ಥವಾಗುವುದಿಲ್ಲ.

ಪೇಟೆಯ ತಾಯಂದಿರಿಂದ ಹೆಚ್ಚಾಗಿ ಕೇಳಿಬರುವ ಮಾತು ಬೇರೆ. ‘ನಂಗೇ ಕನ್ನಡ ಓದೋಕೆ ಬರಲ್ಲ ಮಿಸ್, ಇವಳಿಗೆ ನಾನೇನು ಹೇಳ್ಕೊಡ್ಲಿ?’ ಹೀಗೆ ಕೇಳಿದ ಒಬ್ಬರ ಮನೆಮಾತು ಮಾರವಾಡಿ, ಓದಿದ್ದು ಹಿಂದಿಯಲ್ಲಿ. ಅದೇ ಸಾಲಿನಲ್ಲಿ ತೆಲುಗಿನವರಿದ್ದಾರೆ, ತಮಿಳಿನವರಿದ್ದಾರೆ, ಮನೆಯಲ್ಲಿ ಉರ್ದು ಆಡುವವರಿದ್ದಾರೆ. ಒಂದೇ ಚಿತ್ರ, ಒಂದೇ ಕಥೆ, ಹಲವು ಭಾಷೆ ಎಂಬ ಸ್ಟೋರಿವೀವರ್‌ನ ವ್ಯವಸ್ಥೆಯ ಬೆಲೆ ಇಂಥ ಕಡೆ ಗೊತ್ತಾಗುತ್ತದೆ. ಆ ತಾಯಿಗೆ ಒಂದು ಕಥೆಯನ್ನು ಹಿಂದಿಯಲ್ಲಿ ತೆಗೆದುಕೊಟ್ಟೆ. ಅವರು ರಾತ್ರಿ ಮಗಳಿಗೆ ಅದನ್ನು ಓದಿ ಹೇಳಿ, ನಡುನಡುವೆ ತಮ್ಮ ಮಾತಿನಲ್ಲಿ ವಿವರಿಸಿದರು. ಮರುದಿನ ಹುಡುಗಿ ಕನ್ನಡದ ಪ್ರತಿ ಹಿಡಿದಾಗ ಕಥೆ ಏನೆಂಬುದು ಅವಳಿಗೆ ಗೊತ್ತಿತ್ತು. ಇನ್ನುಳಿದದ್ದು ಅಕ್ಷರ ಕೂಡಿಸುವ ಕೆಲಸ ಮಾತ್ರ. ಎರಡು ಹೊರೆಯಲ್ಲಿ ಒಂದನ್ನು ತಾಯಿ ಮನೆಯಲ್ಲೇ ಇಳಿಸಿದ್ದರು. ತನಗೆ ಬಾರದ ಭಾಷೆಯನ್ನು ಮಗುವಿಗೆ ಕಲಿಸಲು ತಾಯಿ ಹೆಣಗಬೇಕಾಗಿಲ್ಲ. ಬರುವ ಭಾಷೆಯಲ್ಲಿ ಕಥೆ ಹೇಳಿದರೆ ಕನ್ನಡಕ್ಕೂ ಅನುಕೂಲ.

ಇನ್ನೊಂದು ಸಂಗತಿ ಶಿಕ್ಷಕರಿಗೆ ಗೊತ್ತು, ತಂದೆತಾಯಿಗಳಿಗೆ ಗೊತ್ತಿರುವುದಿಲ್ಲ. ಎರಡು ಸಲ ಕೇಳಿದ ಕಥೆಯನ್ನು ಮಗು ಚಿತ್ರ ನೋಡಿ ಬಾಯಿಪಾಠ ಒಪ್ಪಿಸುತ್ತದೆ, ಓದಿದಂತೆಯೇ ಇರುತ್ತದೆ. ಬಯ್ಯಬೇಕಾಗಿಲ್ಲ, ಓದಿನ ದಾರಿಯಲ್ಲಿ ಇದೂ ಒಂದು ಮೆಟ್ಟಿಲು. ಚಿತ್ರದ ಮೇಲೆ ಕೈಯಿಟ್ಟು, ಸಾಲಿನ ನಡುವಿನ ಒಂದು ಪದ ತೋರಿಸಿ ಕೇಳಿದರೆ ನಿಜಸ್ಥಿತಿ ತಿಳಿಯುತ್ತದೆ.

ವಿಡಿಯೊಗಳ ವಿಷಯ ಹೇಳದೆ ಬಿಡುವಂತಿಲ್ಲ. 2017ರ ಸೆಪ್ಟೆಂಬರ್ 5ರಂದು ಬಂದ ‘ದೀಕ್ಷಾ’ ತಾಣ ಬೆಂಗಳೂರಿನ ಏಕ್‌ಸ್ಟೆಪ್ ಸಂಸ್ಥೆ ರೂಪಿಸಿದ ‘ಸನ್‌ಬರ್ಡ್’ ತಂತ್ರಾಂಶದ ಮೇಲೆ ನಿಂತಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಕೋವಿಡ್ ಲಾಕ್‌ಡೌನಿನಲ್ಲಿ, 2020ರ ಏಪ್ರಿಲ್‌ನಲ್ಲಿ, ರಾಜ್ಯದ ಶಿಕ್ಷಣ ಇಲಾಖೆ ‘ಮಕ್ಕಳವಾಣಿ’ ಯೂಟ್ಯೂಬ್ ವಾಹಿನಿ ತಂದು ಕಥೆ, ಹಾಡು, ಕರಕುಶಲ ತೋರಿಸಿತು. ಪಾಠ ತಯಾರಿಗೆ ಶಿಕ್ಷಕರಿಗೆ ಇವೆಲ್ಲ ಒಳ್ಳೆಯ ಆಸರೆ. ಪುಟ್ಟ ಮಗುವಿನ ಓದಿಗೆ ಮಾತ್ರ ಇವನ್ನೇ ನೆಚ್ಚಿ ಕೂರುವಂತಿಲ್ಲ. ಪೇಟೆಯ ಮನೆಗಳಲ್ಲಿ ಫೋನು ಅಪ್ಪನ ಜೊತೆ ಅಂಗಡಿಯಲ್ಲಿರುತ್ತದೆ, ಮನೆಗೆ ಬರುವಷ್ಟರಲ್ಲಿ ಮಗುವಿಗೆ ನಿದ್ದೆ. ಫೋನು ಸಿಕ್ಕರೂ ವಿಡಿಯೊ ತನ್ನ ಪಾಡಿಗೆ ಓಡುತ್ತದೆ, ಮಗು ‘ಕ್ಕು’ ಎಂಬಲ್ಲಿ ತಡವರಿಸಿದ್ದಕ್ಕೆ ಕಾಯುವುದಿಲ್ಲ. ಪಕ್ಕದಲ್ಲಿ ಬೆರಳಿಟ್ಟು ಕೂತ ಅಕ್ಕನೋ ಅಜ್ಜನೋ ಕಾಯುತ್ತಾರೆ.

ಈ ಅಕ್ಕಂದಿರೇ ನನಗೆ ಸಿಕ್ಕ ಒಳ್ಳೆಯ ಶಿಕ್ಷಕರು. ಐದನೇ ತರಗತಿಯ ಹುಡುಗಿ ಎರಡನೇ ತರಗತಿಯ ತಮ್ಮನಿಗೆ ಓದಿಸುವಾಗ ಇಬ್ಬರ ಓದೂ ಬೆಳೆಯುತ್ತದೆ. ನಲಿ ಕಲಿಯಲ್ಲಿ ಮಕ್ಕಳನ್ನು ಕೂರಿಸುವ ಗುಂಪುಗಳಲ್ಲಿ (ಅವನ್ನು ‘ತಟ್ಟೆ’ ಎನ್ನುತ್ತಾರೆ) ಗೆಳೆಯರಿಂದ ಕಲಿಯುವ ಗುಂಪನ್ನೂ ಇಟ್ಟವರಿಗೆ ಇದು ತಿಳಿದಿತ್ತು. ತನಗೆ ಸುಲಭವಾದ ಪುಸ್ತಕವನ್ನು ಓದಲು ನಾಚಿಕೊಳ್ಳುವ ದೊಡ್ಡ ಮಗುವಿಗೂ ತಮ್ಮನಿಗೆ ಓದಿಸುವ ನೆಪದಲ್ಲಿ ಅದನ್ನು ಓದುವ ಅವಕಾಶ ಸಿಗುತ್ತದೆ.

ಕೊರತೆಗಳೂ ಇವೆ. ಅನುವಾದಗಳಲ್ಲಿ ಕೆಲವು ಪುಸ್ತಕದ ಕನ್ನಡದಲ್ಲೇ ಬಿಗಿದುಕೊಂಡಿವೆ, ಮಗು ಮನೆಯಲ್ಲಾಗಲಿ ಓಣಿಯಲ್ಲಾಗಲಿ ಕೇಳದ ಕನ್ನಡ ಅದು. ಯಾರು ಬೇಕಾದರೂ ಅನುವಾದಿಸಿ ಹಾಕಬಹುದಾದ ಕಡೆ ಕಾಗುಣಿತದ ತಪ್ಪುಗಳೂ ನುಸುಳುತ್ತವೆ. ಆದ್ದರಿಂದ ಮಗುವಿನ ಕೈಗೆ ಕೊಡುವ ಮುನ್ನ ದೊಡ್ಡವರು ಒಮ್ಮೆ ಪೂರ್ತಿ ಓದಲೇಬೇಕು. ಪರವಾನಗಿ ಇರುವುದರಿಂದ ತಿದ್ದಿಕೊಳ್ಳುವುದಕ್ಕೂ ಅಡ್ಡಿಯಿಲ್ಲ. ಒತ್ತಕ್ಷರ ಕಡಿಮೆ ಮಾಡಿ, ಉದ್ದದ ಕ್ರಿಯಾಪದ ಒಡೆದು, ಮೂಲದವರ ಹೆಸರಿನ ಜೊತೆಗೇ ಹೊಸ ಪ್ರತಿ ಮಾಡಿಕೊಳ್ಳಬಹುದು. ಹೀಗೆ ಪುಸ್ತಕ ಸಿದ್ಧಪಡಿಸುವ ಶಿಕ್ಷಕರು ಅಕ್ಕಪಕ್ಕದ ಶಾಲೆಗಳವರು ಸೇರುವ ಕ್ಲಸ್ಟರ್ ಸಭೆಯಲ್ಲಿ ತಮ್ಮ ಪ್ರತಿಗಳನ್ನು ಒಬ್ಬರಿಗೊಬ್ಬರು ಕೊಟ್ಟುಕೊಂಡರೆ ಒಂದು ವರ್ಷದಲ್ಲಿ ಪ್ರತಿ ಶಾಲೆಗೂ ಒಂದು ಸಣ್ಣ ಪೆಟ್ಟಿಗೆಯಷ್ಟು ಪುಸ್ತಕ ಕೂಡುತ್ತದೆ. ನಮ್ಮ ಓಣಿಯ ಪ್ರತಿಗಳೆಲ್ಲ ಸದ್ಯ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಬೇಕಾದ ಶಿಕ್ಷಕರು ಒಯ್ದು ಜೆರಾಕ್ಸ್ ತೆಗೆಸಿಕೊಂಡು ವಾಪಸ್ ತಂದಿಡುತ್ತಾರೆ.