ಸಹಿಗೆ ಅಪ್ಪ, ಸರಿರಾತ್ರಿಗೆ ಅಮ್ಮ

ನಮ್ಮ ತಾಲೂಕಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವಂತಿಲ್ಲ. ಆ ಒಂದು ನಿಯಮದಿಂದ ನನ್ನ ಮಗಳಿಗೆ ಎಂಥ ಅಪಾಯ ಒದಗುವುದಿತ್ತು ಎಂಬುದನ್ನು ಬರೆಯದೆ ಇರಲಾರೆ. ನಾಳೆ ಇನ್ನೊಬ್ಬ ಅಪ್ಪ ಅದೇ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ನನ್ನ ಹೆಂಡತಿ ಬಸ್ ಕಂಡಕ್ಟರ್. ವಸ್ತಿ ಬಸ್ಸಿನ ಪಾಳಿ ಬಂದರೆ ರಾತ್ರಿ ಹಳ್ಳಿಯಲ್ಲೇ ಉಳಿದು ಮರುದಿನ ಮೊದಲ ಟ್ರಿಪ್ಪಿಗೆ ಬರುತ್ತಾಳೆ. ನನ್ನದು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಹೆರಿಗೆ ರಜೆ ಮುಗಿಸಿ ಅವಳು ಡ್ಯೂಟಿಗೆ ಹೋದಾಗಿನಿಂದ ಮಗಳು ಬೆಳೆದದ್ದು ನನ್ನ ಕೈಯಲ್ಲಿ. ಒಂಬತ್ತು ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ ಚುಚ್ಚುಮದ್ದು, ಒಂದೂವರೆ ವರ್ಷದ ಬೂಸ್ಟರ್ ಎರಡಕ್ಕೂ ತಾಯಿ ಕಾರ್ಡ್ ಹಿಡಿದು ಹೋದವನು ನಾನೇ. ಅನ್ನ ಎಷ್ಟು ನುರಿದರೆ ನುಂಗುತ್ತಾಳೆ, ಯಾವ ಹೆಗಲಿಗೆ ಹಾಕಿಕೊಂಡರೆ ನಿದ್ದೆ ಹೋಗುತ್ತಾಳೆ ಎಲ್ಲ ನನಗೆ ಗೊತ್ತು. ಮನೆಯಲ್ಲಿ ಇರುವವರು ಕೂಸು ನೋಡಿಕೊಳ್ಳಬೇಕು, ನಮ್ಮ ಮನೆಯಲ್ಲಿ ಇರುವವನು ನಾನು.

ನನ್ನ ಅಕ್ಕನಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. ಬಂದಾಗಲೆಲ್ಲ, "ಆಕಿ ನೌಕರಿ ಬಿಟ್ಟು ಮನ್ಯಾಗ ಇರ್ಲಿ, ನೀ ಯಾಕ ಹೆಂಗಸಿನಂಗ ಮಾಡ್ತಿ?" ಎನ್ನುತ್ತಾಳೆ. ಮನೆ ಸಾಲದ ಕಂತು ಹೋಗುವುದೇ ಅವಳ ಪಗಾರದಲ್ಲಿ ಎಂದು ಹೇಳಿ ಹೇಳಿ ಸಾಕಾಗಿದೆ.

ಅವತ್ತೂ ವಸ್ತಿ ಪಾಳಿ. ಮಗಳಿಗೆ ಆಗಷ್ಟೇ ಎರಡು ವರ್ಷ ದಾಟಿತ್ತು. ಸಂಜೆಯಿಂದ ಮೈ ಸುಡುತ್ತಿತ್ತು. ಎಂಟು ಗಂಟೆಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದೆ. ಒಂಬತ್ತರ ಸುಮಾರಿಗೆ ಕಣ್ಣು ಮೇಲೆ ಸಿಕ್ಕಿಕೊಂಡವು. ಹಲ್ಲು ಕಚ್ಚಿದಳು. ಕೈಕಾಲು ಒಂದೇ ಸಮನೆ ಅದುರತೊಡಗಿದವು. ನನ್ನ ಕೂಗಿಗೆ ಓಡಿಬಂದ ಎದುರುಮನೆ ಕಾಕು ಮಗುವಿನ ಮುಷ್ಟಿಗೆ ಕೀಲಿಕೈ ಗೊಂಚಲು ತುರುಕಲು, ಹಲ್ಲಿನ ನಡುವೆ ಚಮಚ ಇಡಲು ಮುಂದಾದರು. ನಾನು ಬಿಡಲಿಲ್ಲ. ಮಗ್ಗುಲಿಗೆ ಹೊರಳಿಸಿ, ಕೊರಳ ಗುಂಡಿ ಬಿಚ್ಚಿ, ಗೋಡೆಯ ಗಡಿಯಾರ ನೋಡುತ್ತ ಕುಳಿತೆ. ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಆಶಾ ಕಾರ್ಯಕರ್ತೆ ಹೇಳಿಕೊಟ್ಟ ಕ್ರಮ ಅದು. ಆ ಸಭೆಯಲ್ಲಿ ಗಂಡಸು ಅಂತ ಇದ್ದವನು ನಾನೊಬ್ಬನೇ. ಎರಡು ನಿಮಿಷಕ್ಕೆಲ್ಲ ಅದುರುವುದು ನಿಂತಿತು. ಆ ಎರಡು ನಿಮಿಷ ನನ್ನ ಶತ್ರುವಿಗೂ ಬೇಡ.

ಕಾಕುವನ್ನೂ ಕರೆದುಕೊಂಡು ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಕೆಳಗೆ ಕ್ಯಾಶುವಾಲ್ಟಿಯಲ್ಲಿ ಡಾಕ್ಟರ್ ನೋಡಿದರು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಜ್ವರ ಏರಿದಾಗ ಹೀಗೆ ಫಿಟ್ಸ್ ಬರುವುದುಂಟು, ಹೆದರಬೇಡಿ, ಇವತ್ತೊಂದು ರಾತ್ರಿ ಇರಲಿ ಎಂದು ಮೇಲಿನ ವಾರ್ಡಿಗೆ ಕಳಿಸಿದರು. ಅಲ್ಲಿ ಶುರುವಾಯಿತು.

"ಗಂಡಸ್ರು ಹೊರಗ ನಡೀರಿ. ಕೂಸಿನ ತಾಯಿ ಎಲ್ಲದಾಳ?"

"ಡ್ಯೂಟಿಗೆ ಹೋಗ್ಯಾಳ್ರಿ ಸಿಸ್ಟರ್. ನಾನೇ ಇರ್ತೀನ್ರಿ."

"ಹಂಗ ಆಗಂಗಿಲ್ಲ. ಹೆಣ್ಮಕ್ಕಳನ್ನ ಯಾರನ್ನರ ಕರಸ್ರಿ."

ಕಾಕುವನ್ನು ಒಳಗೆ ಬಿಟ್ಟು ನನ್ನನ್ನು ಕಬ್ಬಿಣದ ಗೇಟಿನ ಆಚೆ ನಿಲ್ಲಿಸಿದರು. ಮಗಳು ಎಚ್ಚರಗೊಂಡು "ಅಪ್ಪಾ, ಅಪ್ಪಾ" ಎಂದು ಅಳುವುದು ಕೇಳುತ್ತಿತ್ತು. ಸಲೈನ್ ಸೂಜಿ ಚುಚ್ಚುವಾಗಿನ ಚೀರಾಟವೂ ಕೇಳಿಸಿತು. ಗೇಟಿನ ಸರಳು ಹಿಡಿದು ನಿಂತಿದ್ದೆ. ಹನ್ನೊಂದರ ಹೊತ್ತಿಗೆ ಮತ್ತೆ ಜ್ವರ ಏರಿತು. ಮನೆಯಲ್ಲಿ ಔಷಧ ಏನಾದರೂ ಕೊಟ್ಟಿದ್ದೀರಾ ಎಂದು ಸಿಸ್ಟರ್ ಕಾಕುವನ್ನು ಕೇಳಿದರು. "ಇಲ್ಲ ಅನಸ್ತದ" ಎಂದರು ಕಾಕು. ಪಾಪ, ಅವರಿಗೆ ಹೇಗೆ ಗೊತ್ತಿರಬೇಕು? ಕೆಳಗೆ ನಾನು ಹೇಳಿದ್ದ ಮಾತು ಮೇಲಿನ ಕಾಗದದಲ್ಲಿ ಇರಲಿಲ್ಲ. ಸಿರಪ್ ಚಮಚಕ್ಕೆ ಸುರಿಯುವುದು ಕಂಡು ಗೇಟಿನಿಂದಲೇ ಕೂಗಿದೆ: "ಎಂಟಕ್ಕ ಕೊಟ್ಟೀನ್ರಿ! 250ರ ಬಾಟ್ಲಿ, ಮೂರು ಎಂಎಲ್! ಈಗ ಕೊಡಬ್ಯಾಡ್ರಿ!" ಇಡೀ ವಾರ್ಡು ಎದ್ದು ಕೂತಿತು. ಗಲಾಟೆ ಮಾಡಿದರೆ ಪೊಲೀಸರನ್ನು ಕರೆಸುತ್ತೇವೆ ಎಂದರು. ಕರೆಸಿ ಎಂದೆ. ಕೊನೆಗೆ ಡ್ಯೂಟಿ ಡಾಕ್ಟರ್ ಬಂದು, ತೂಕ ಎಷ್ಟು, ಮೊದಲು ಯಾವಾಗ ಜ್ವರ ಬಂದಿತ್ತು ಎಂದೆಲ್ಲ ಕೇಳಿ, ಬಾಗಿಲ ಪಕ್ಕದ ಮಂಚಕ್ಕೆ ಪರದೆ ಎಳೆಸಿ ನನ್ನನ್ನು ಒಳಗೆ ಕೂರಿಸಿದರು. ಹೆಗಲಿಗೆ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಮಗಳು ನಿದ್ದೆ ಹೋದಳು.

ವಾರ್ಡಿನಲ್ಲಿ ಹಾಲೂಡಿಸುವ ತಾಯಂದಿರು ಇರುತ್ತಾರೆ, ಅವರ ಮರ್ಯಾದೆ ಕಾಯಬೇಕು ಎಂಬುದು ನಿಜ. ಅದಕ್ಕೆ ಒಂದು ಪರದೆ ಸಾಕಾಯಿತಲ್ಲ? ಬೆಳಿಗ್ಗೆ ಟಿಕೆಟ್ ಮಷಿನ್ ಒಪ್ಪಿಸಿ ಯೂನಿಫಾರ್ಮಿನಲ್ಲೇ ಓಡಿಬಂದ ನನ್ನ ಹೆಂಡತಿಗೆ ಅದೇ ಸಿಸ್ಟರ್, "ಇಂಥ ಕೂಸು ಬಿಟ್ಟು ಹೆಂಗ ಹೋದ್ರಿ?" ಎಂದು ಕೇಳಿದ್ದನ್ನು ಮಾತ್ರ ನಾನು ಕ್ಷಮಿಸುವುದಿಲ್ಲ. ಕೂಸನ್ನು ಅವಳು ಬಿಟ್ಟು ಹೋಗಿರಲಿಲ್ಲ, ಅಪ್ಪನ ಹತ್ತಿರ ಇಟ್ಟು ಹೋಗಿದ್ದಳು.

ಅವಳಿಗೆ ಇದರ ಇನ್ನೊಂದು ಮಗ್ಗುಲೂ ಗೊತ್ತು. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಲು 250 ರೂಪಾಯಿ ಹಿಡಿದು ಹೋದಾಗ, "ಯಜಮಾನ್ರನ್ನ ಕರ್ಕೊಂಡ ಬರ್ರಿ" ಎಂದು ಕೌಂಟರಿನಿಂದ ವಾಪಸ್ಸು ಕಳಿಸಿದ್ದರು. ತಾಯಿ ತಂದೆ ಯಾರು ಬೇಕಾದರೂ ತೆರೆಯಬಹುದಾದ ಖಾತೆ ಅದು. ನನ್ನಲ್ಲಿ ಕೋಟು ಹೊಲಿಸುವ ವಕೀಲರೊಬ್ಬರು ಇದರ ಬೇರು ತೋರಿಸಿದರು. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 6ನೇ ಕಲಮಿನ ಪ್ರಕಾರ ಮಗುವಿನ ಸಹಜ ಪಾಲಕ ತಂದೆ, ಅವನ ನಂತರ ತಾಯಿ. ಐದು ವರ್ಷದೊಳಗಿನ ಮಗು ಮಾತ್ರ ಸಾಮಾನ್ಯವಾಗಿ ತಾಯಿಯ ವಶದಲ್ಲಿರಬೇಕು. ಲೇಖಕಿ ಗೀತಾ ಹರಿಹರನ್ ಹೂಡಿದ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿದ್ದಾಗಲೂ ತಾಯಿ ಪಾಲಕಿಯಾಗಬಹುದು ಎಂದು ಹೇಳಿತು. ಹಾಗೆಯೇ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ತಾಯಿಯ ರಜೆಯನ್ನು 26 ವಾರಕ್ಕೆ ಏರಿಸಿತು, ಅಪ್ಪನ ರಜೆಯ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಆಸ್ತಿಗೆ, ಸಹಿಗೆ ಅಪ್ಪ ಬೇಕು. ಜ್ವರಕ್ಕೆ, ನಿದ್ದೆಗೆಡಲು ಅಮ್ಮ ಬೇಕು. ಇಬ್ಬರಿಗೂ ಇದು ಅನ್ಯಾಯ.

ಅಪ್ಪಂದಿರೇ, ಮಗುವಿನ ತೂಕ ನಿಮಗೆ ಬಾಯಿಗೆ ಬರಬೇಕು. ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 125 ಮಿಲಿಗ್ರಾಂನದೂ ಬರುತ್ತದೆ, 250ರದೂ ಬರುತ್ತದೆ; ಬಾಟಲಿ ನೋಡದೆ ಚಮಚ ಲೆಕ್ಕ ಹಾಕಬೇಡಿ. ಕೊಟ್ಟ ಹೊತ್ತು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಫಿಟ್ಸ್ ಬಂದರೆ ಬಾಯಿಗೆ ಏನೂ ಇಡಬೇಡಿ, ಐದು ನಿಮಿಷ ಮೀರಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೊರಡಿ. ಆಶಾ ಕಾರ್ಯಕರ್ತೆಯ ಹತ್ತಿರ ನಿಮ್ಮ ಮೊಬೈಲ್ ನಂಬರೂ ಇರಲಿ.

ಬಾಗಿಲ ಹತ್ತಿರದ ಎರಡು ಮಂಚಕ್ಕೆ ಕಾಯಂ ಪರದೆ ಹಾಕಿಸಿ, ಮಗು ನೋಡಿಕೊಳ್ಳುವ ಅಪ್ಪನಿಗೆ ರಾತ್ರಿ ಇರಲು ಬಿಡಿ ಎಂದು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಅರ್ಜಿ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ನಿಮ್ಮ ಊರಿನ ಆಸ್ಪತ್ರೆಯಲ್ಲೂ ಇದೇ ನಿಯಮವಿದ್ದರೆ ದಯವಿಟ್ಟು ನೀವೂ ಬರೆದುಕೊಡಿ. ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ.